ಒಳಗಿನ ಒಲೆಗೆ ಎಸರಿಟ್ಟವಳು

ನಮ್ಮ ಮನೆಯಲ್ಲಿ ರೊಟ್ಟಿಯನ್ನು ಅಡಿಗೆ ಎನ್ನುತ್ತಿರಲಿಲ್ಲ. ರೊಟ್ಟಿ ಬಡಿಯುವುದು ಒಂದು ಕೆಲಸ, ಅಡಿಗೆ ಇನ್ನೊಂದು. ಬೆಳಗಾದರೆ ಹಾಲು ಕಾಸುತ್ತಿದ್ದರು, ಚಟ್ನಿ ಅರೆಯುತ್ತಿದ್ದರು, ಕಾಳು ಹುರಿಯುತ್ತಿದ್ದರು, ಬದನೆಕಾಯಿ ಸುಡುತ್ತಿದ್ದರು. ಇಷ್ಟೆಲ್ಲ ಮುಗಿದು, ಗಂಡಸರು ರೊಟ್ಟಿ ತಿಂದು ಗದ್ದೆಗೆ ಹೋದಮೇಲೂ ಯಾರಾದರೂ ಕೇಳಿದರೆ ಅಜ್ಜಿ "ಇನ್ನೂ ಅಡಿಗೆ ಆಗಿಲ್ಲ" ಎನ್ನುತ್ತಿದ್ದಳು. ಅನ್ನದ ತಪ್ಪಲೆ ಒಲೆಯಿಂದ ಇಳಿದು, ಗಂಜಿ ಬಸಿದು, ಪಕ್ಕದಲ್ಲಿ ಸಾರು ಕುದಿ ಬಂದು ಅದರ ಮೇಲೆ ಒಗ್ಗರಣೆ ಚೊಂಯ್ ಎಂದಾಗಲೇ ನಮ್ಮಲ್ಲಿ ಅಡಿಗೆ ಆದಂತೆ. ಉಳಿದದ್ದಕ್ಕೆಲ್ಲ ಅದರದರ ಹೆಸರಿತ್ತು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದ ಆ ಮನೆಯಲ್ಲಿ ಹುಟ್ಟಿದವಳಾದ್ದರಿಂದ ನನಗೆ ಇವತ್ತಿಗೂ ಒಬ್ಬರು "ಅಡಿಗೆ ಮಾಡ್ತಾ ಇದೀನಿ" ಎಂದರೆ ಮುಂದಿನ ಪ್ರಶ್ನೆ ಬಾಯಿಗೆ ಬರುತ್ತದೆ: ಅಂದರೆ ಏನು ಮಾಡ್ತಾ ಇದೀರಿ? ದಾವಣಗೆರೆಯಲ್ಲಿ ಓದುವ ನನ್ನ ಮಗಳು ನೀರು ಕಾಯಿಸಿ ಪಾಕೀಟಿನ ಶಾವಿಗೆ ಹಾಕಿ ಮೂರು ನಿಮಿಷ ಮುಚ್ಚಿಟ್ಟು "ಅಡಿಗೆ ಆತಮ್ಮ" ಎಂದು ಫೋನಿನಲ್ಲಿ ಹೇಳುತ್ತಾಳೆ. ಇರಲಿ, ಹೊಟ್ಟೆ ತುಂಬಿದರೆ ಸಾಕು.

ನಮ್ಮೂರು ಗೋವಿನಕೋವಿಗೆ ಹತ್ತಿರ. ಆಗ ನ್ಯಾಮತಿ ಇನ್ನೂ ತಾಲ್ಲೂಕು ಆಗಿರಲಿಲ್ಲ. ನಮಗೆ ಕಚೇರಿ, ಆಸ್ಪತ್ರೆ, ಸಿನಿಮಾ ಎಲ್ಲ ಹೊನ್ನಾಳಿಯಲ್ಲೇ. ಮನೆ ದೊಡ್ಡದೇನಲ್ಲ. ನಡುಮನೆ ದಾಟಿದರೆ ಅಡಿಗೆಮನೆ, ಅದರ ಹಿಂದೆ ಬಚ್ಚಲು, ಆಮೇಲೆ ಹಿತ್ತಲು. ಅಡಿಗೆಮನೆಯ ಗೋಡೆ ಎಷ್ಟು ಸಲ ಸುಣ್ಣ ಬಳಿದರೂ ಒಲೆಯ ನೇರಕ್ಕೆ ಒಂದು ಕರಿಯ ಪಟ್ಟಿ ಮೇಲಕ್ಕೆ ಹೋಗಿ ಮಾಡಿನ ಹೆಂಚನ್ನು ಮುಟ್ಟುತ್ತಿತ್ತು. ಆ ಒಲೆಗೆ ಎರಡು ಬಾಯಿ. ದೊಡ್ಡ ಬಾಯಿಗೆ ಅನ್ನ, ಸಣ್ಣದಕ್ಕೆ ಸಾರು. ಹಿತ್ತಲಲ್ಲಿ ಬಚ್ಚಲ ಗೋಡೆಗೆ ಒತ್ತಿಕೊಂಡು ತಗಡಿನ ಇಳಿಜಾರಿನ ಕೆಳಗೆ ಇನ್ನೊಂದು ಒಲೆ ಇತ್ತು, ಬರೀ ಮೂರು ಕಲ್ಲಿನದು. ಅಲ್ಲಿ ರೊಟ್ಟಿ ಬಡಿಯುತ್ತಿದ್ದರು, ದನಕ್ಕೆ ಹುರುಳಿ ಬೇಯಿಸುತ್ತಿದ್ದರು. ಒಳಗಿನ ಒಲೆ ಅಜ್ಜಿಯದು. ನನ್ನ ಅವ್ವ ಈ ಮನೆಗೆ ಬಂದು ಆರು ವರ್ಷ ಆದಮೇಲೆ ದಿನಾ ಅದಕ್ಕೆ ಎಸರಿಡುವ ಹಕ್ಕು ಅವಳಿಗೆ ಸಿಕ್ಕಿತ್ತಂತೆ. ಎಸರು ಎಂದರೆ ಅಕ್ಕಿ ಹಾಕುವುದಕ್ಕೆ ಕುದಿಯಲು ಇಡುವ ನೀರು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಎಸರಿಟ್ಟವರೇ ಅಕ್ಕಿ ಹಾಕಬೇಕು, ಅವರೇ ಬಸಿಯಬೇಕು, ನಡುವೆ ಇನ್ನೊಬ್ಬರ ಕೈ ಸೇರಬಾರದು. ಹೀಗಾಗಿ ಬಂದ ನೆಂಟರು ಎಲೆಯ ಮುಂದೆ ಕೂತು ಮೊದಲ ತುತ್ತು ನುಂಗಿ "ಇವತ್ತು ಯಾರ ಅಡಿಗೆ?" ಎಂದು ಕೇಳಿದರೆ ಉತ್ತರಕ್ಕೆ ಒಂದೇ ಹೆಸರು ಇರುತ್ತಿತ್ತು.

ನನಗೆ ಒಂಬತ್ತು ವರ್ಷ ಇದ್ದಾಗ ಚಿಕ್ಕಪ್ಪನ ಮದುವೆಯಾಗಿ ಓಬಮ್ಮ ಚಿಕ್ಕಮ್ಮ ಬಂದಳು. ಜಗಳೂರಿನಿಂದ ಆಚೆ ಅವಳ ತವರು. ಎತ್ತರದ ಹೆಂಗಸು, ಉದ್ದ ಕೈ, ನಕ್ಕರೆ ಒಸಡೆಲ್ಲ ಕಾಣುತ್ತಿತ್ತು. ಅವಳ ಅಪ್ಪ ಮದುವೆಗೆ ಬರುವಾಗ ಎರಡು ಬಸ್ಸು ಬದಲಿಸಿ ಒಂದು ಚೀಲ ರಾಗಿ ತಂದಿದ್ದರು. "ನಮ್ಮ ಹೊಲದ್ದು, ಮಗಳು ಇದನ್ನೇ ಉಂಡು ಬೆಳದೋಳು" ಎಂದು ಅವರೇ ಹೊತ್ತು ತಂದು ನಡುಮನೆಯಲ್ಲಿ ಇಳಿಸಿದರು. ಅವರು ಊರಿಗೆ ಹೋದ ಮೇಲೆ ಅಜ್ಜಿ ಚೀಲವನ್ನು ಅಟ್ಟಕ್ಕೆ ಹಾಕಿಸಿದಳು. ನಾಲೆ ನೀರು ಬಂದು ಊರೆಲ್ಲ ಗದ್ದೆಯಾಗಿ, ಎರಡು ಹೊತ್ತೂ ಅನ್ನ ಉಣ್ಣುವಷ್ಟಾದ ಮೇಲೆ ನಮ್ಮ ಮನೆಯಲ್ಲಿ ರಾಗಿ ಎಂದರೆ ಬಾಣಂತಿಗೋ ಎಳೆಗೂಸಿಗೋ ಎಂದಾಗಿತ್ತು. ಅಟ್ಟದ ಮೇಲೆ ಆ ಚೀಲದ ಬಾಯಿ ಹೊಲಿದದ್ದು ಹೊಲಿದಂತೆಯೇ ಉಳಿಯಿತು.

ಮೊದಲ ಏಳೆಂಟು ತಿಂಗಳು ಚಿಕ್ಕಮ್ಮನದು ಹಸನು ಮಾಡುವ, ತೊಳೆಯುವ, ರುಬ್ಬುವ ಕೆಲಸ. ಅವಳು ಒಳಗಿನ ಒಲೆಯ ಮುಂದೆ ಕೂರುವ ದಿನ ಗೊತ್ತಾಗಿಯೇ ಇತ್ತು. ಸುಗ್ಗಿ ಮುಗಿದು ಹೊಸ ಅಕ್ಕಿ ಮನೆಗೆ ಬಂದ ದಿನ ಮನೆಯ ಹೊಸ ಸೊಸೆ ಎಸರಿಡಬೇಕು. ಅಕ್ಕಪಕ್ಕದವರು, ಗದ್ದೆಯ ನೆರೆಯವರು, ನಾಲ್ಕು ಮಂದಿ ನೆಂಟರು ಬಂದು ಉಣ್ಣಬೇಕು. ಅವತ್ತು ಚಿಕ್ಕಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಿಗೆ ಟವೆಲು ಸುತ್ತಿ ಒಲೆಯ ಮುಂದೆ ಕೂತದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಹೊರಗೆ ಜಗಲಿಯಲ್ಲಿ ಬಂದವರನ್ನು ಮಾತಾಡಿಸುತ್ತಿದ್ದಳು. ಕಟ್ಟಳೆಯ ಪ್ರಕಾರ ಒಳಗೆ ಬರುವ ಹಾಗಿರಲಿಲ್ಲ. ಅವ್ವ ಸಾರಿನ ಕಡೆ ಇದ್ದಳು. ಅಕ್ಕಿ ಕುದಿ ಬಂತು, ನೊರೆ ಎದ್ದಿತು, ಹೊಸ ಅಕ್ಕಿಯ ಹಾಲಿನಂಥ ವಾಸನೆ ಮನೆಯೆಲ್ಲ ತುಂಬಿತು. ಅವ್ವ ಒಂದು ಸಲ ತಿರುಗಿ ನೋಡಿದಳು, ಇನ್ನೊಂದು ಸಲ ನೋಡಿದಳು, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಳು. ಚಿಕ್ಕಮ್ಮ ಒಲೆಗೆ ಇನ್ನೊಂದು ಸೌದೆ ದೂಡಿ, ಸೆರಗಿನಿಂದ ಹಣೆ ಒರೆಸಿಕೊಂಡು, ಸಮಾಧಾನವಾಗಿ ಕಾದಳು. ಅವಳ ಮುಖದಲ್ಲಿ ಅವಸರ ಇರಲಿಲ್ಲ. ಒಳ್ಳೆಯ ಕೆಲಸಕ್ಕೆ ಕೊಡಬೇಕಾದಷ್ಟು ಹೊತ್ತು ಕೊಡುವವರ ಮುಖ ಅದು.

ಬಗ್ಗಿಸಿದಾಗ ಗಂಜಿ ಬರಲಿಲ್ಲ. ತಪ್ಪಲೆಯ ಬಾಯಿಗೆ ಬಂದು ನಿಂತದ್ದು ಅನ್ನವೂ ಅಲ್ಲ, ಗಂಜಿಯೂ ಅಲ್ಲ. ಎಲೆಯ ಮೇಲೆ ಸೌಟಿನಿಂದ ಕೊಡವಿದರೆ ಪಚ್ ಎಂದು ಬೀಳುತ್ತಿತ್ತು, ಬಿದ್ದಲ್ಲೇ ಕೂರುತ್ತಿತ್ತು. ಬಂದವರು ಸಭ್ಯರೇ, ಸಾರು ಹೆಚ್ಚಿಗೆ ಹಾಕಿಸಿಕೊಂಡು ಉಂಡರು. ಆದರೆ ಪಕ್ಕದ ಮನೆಯ ರುದ್ರಪ್ಪಜ್ಜನಿಗೆ ನಾಲಿಗೆ ಬಿಗಿ ಹಿಡಿಯುವ ಅಭ್ಯಾಸವಿರಲಿಲ್ಲ. ಅಜ್ಜಿಯನ್ನೇ ಕರೆದು ಹೇಳಿದ.

"ಹಾಲಮ್ಮ, ಅನ್ನ ಉಳಿದ್ರೆ ಹೊನ್ನಾಳಿ ಟಾಕೀಸಿಗೆ ಕಳಿಸವ್ವ. ಪೋಸ್ಟರ್ ಅಂಟಿಸಾಕೆ ಅವರಿಗೆ ದಿನಾ ಬೇಕಾಗತೈತೆ."

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಆ ವಯಸ್ಸಿನಲ್ಲಿ ಎಲ್ಲರೂ ನಕ್ಕರೆ ನಗುವುದೇ. ಅಜ್ಜಿ ನಗಲಿಲ್ಲ. ನೀರಿನ ತಂಬಿಗೆ ಹಿಡಿದುಕೊಂಡು ನಿಂತಿದ್ದವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಅವರ ಕಡೆ ಅಡಿಗೆ ಮಾಡಲ್ಲಪ್ಪ. ಬರೀ ಬೇಯಿಸ್ತಾರೆ."

ಬಾಗಿಲ ಹಿಂದೆ ಅನ್ನದ ಬುಟ್ಟಿ ಹಿಡಿದು ನಿಂತಿದ್ದ ಚಿಕ್ಕಮ್ಮನಿಗೆ ಅದು ಕೇಳಿಸಿತು. ರುದ್ರಪ್ಪಜ್ಜನ ಮಾತಿಗೆ ಅವಳೂ ತುಟಿ ಕಚ್ಚಿ ನಕ್ಕಿದ್ದಳು. ಅಜ್ಜಿಯ ಮಾತಿಗೆ ಬುಟ್ಟಿ ಕೆಳಗಿಟ್ಟು ಹಿತ್ತಲಿಗೆ ಹೋದಳು.

ಮಾರನೆಯ ದಿನದಿಂದ ಒಳಗಿನ ಒಲೆ ಅವಳಿಗೆ ಮುಚ್ಚಿತು. ಯಾರೂ ಬೇಡ ಎನ್ನಲಿಲ್ಲ. ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅಜ್ಜಿ ಎಸರಿಟ್ಟಾಗಿರುತ್ತಿತ್ತು, ಅಷ್ಟೆ. ಎಸರಿಟ್ಟ ಮೇಲೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲವಲ್ಲ. ಚಿಕ್ಕಮ್ಮ ಎಷ್ಟು ಬೇಗ ಎದ್ದರೂ ಅಜ್ಜಿ ಅದಕ್ಕಿಂತ ಬೇಗ ಏಳುತ್ತಿದ್ದಳು. ಒಂದು ವಾರ ಹೀಗೆ ಪೈಪೋಟಿ ನಡೆದು, ಕೊನೆಗೆ ಚಿಕ್ಕಮ್ಮ ತಾನಾಗಿಯೇ ಹಿತ್ತಲ ಒಲೆಗೆ ಹೋಗಿ ಕೂತಳು. ನೆಂಟರು ಬಂದು ಯಾರ ಅಡಿಗೆ ಎಂದಾಗ ಅಜ್ಜಿ "ನಂದು" ಎನ್ನುತ್ತಿದ್ದಳು, ಇಲ್ಲವೆ "ದೊಡ್ಡ ಸೊಸೆದು" ಎನ್ನುತ್ತಿದ್ದಳು. ಸಣ್ಣ ಸೊಸೆಗೆ ಅಡಿಗೆ ಬರುವುದಿಲ್ಲ ಎಂಬ ಮಾತು ಊರಲ್ಲಿ ನಿಂತಿತು. ಚಿಕ್ಕಮ್ಮನ ತವರಿಗೂ ಅದು ಯಾರ ಬಾಯಿಂದಲೋ ಹೋಗಿ, ಅವಳ ಅಪ್ಪ ಒಂದು ದಿನ ಬಂದು ಜಗಲಿಯ ಮೇಲೆ ಕೂತು, ಮಗಳನ್ನು ಎರಡು ತಿಂಗಳು ಕರೆದುಕೊಂಡು ಹೋಗಿ ಕಲಿಸಿ ಕಳಿಸುತ್ತೇನೆ ಎಂದರು. ಅಂಥ ಮರ್ಯಾದೆಯ ಮನುಷ್ಯ ತಲೆ ಬಗ್ಗಿಸಿ ಕೂತಿದ್ದನ್ನು ಕಿಟಕಿಯಿಂದ ನೋಡಿದ ಚಿಕ್ಕಮ್ಮ ಹೊರಗೆ ಬಂದು, "ಅಪ್ಪಾ, ನಾನು ಎಲ್ಲಿಗೂ ಬರಲ್ಲ. ಕಲಿಯದು ಏನಿದ್ರೂ ಇಲ್ಲೇ ಕಲೀತೀನಿ. ನೀನು ಊಟ ಮಾಡ್ಕೊಂಡು ಹೋಗು" ಎಂದಳು. ಅವರು ಅವತ್ತು ಅಜ್ಜಿಯ ಅಡಿಗೆ ಉಂಡು ಹೋದರು. ಅದಾದ ಮೇಲೆ ಅವಳಿಗೆ ಇದು ಬರೀ ಅನ್ನದ ಮಾತಾಗಿ ಉಳಿಯಲಿಲ್ಲ ಎಂದು ಈಗ ಅನ್ನಿಸುತ್ತದೆ. ಅಪ್ಪ ತಲೆ ಎತ್ತಿಕೊಂಡು ಬಂದು ತನ್ನ ಅಡಿಗೆ ಉಣ್ಣಬೇಕು, ಅದು ಒಂದೇ.

ನಾನು ಹಿತ್ತಲ ಒಲೆಯ ಹತ್ತಿರ ಕೂರತೊಡಗಿದ್ದು ಆಗಲೇ. ಶಾಲೆಗೆ ಹೋಗುವ ಮುಂಚೆ ಅಲ್ಲೇ ಕೂತು ತಿನ್ನುತ್ತಿದ್ದೆ. ಚಿಕ್ಕಮ್ಮ ರೊಟ್ಟಿ ಬಡಿಯುವುದು ನೋಡುವುದಕ್ಕೆ ಚೆಂದ. ಹಿಟ್ಟಿನ ಉಂಡೆ ಕಲ್ಲಿನ ಮೇಲೆ ಇಟ್ಟು ಅಂಗೈಯಲ್ಲಿ ಪಟಪಟ ಬಡಿಯುತ್ತ ಸುತ್ತ ತಿರುಗಿಸಿದರೆ ಅದು ತಾನಾಗಿಯೇ ಅಗಲವಾಗುತ್ತಿತ್ತು, ಅಂಚು ಒಡೆಯುತ್ತಿರಲಿಲ್ಲ. ಹೆಂಚಿನ ಮೇಲೆ ಹಾಕಿ ಒದ್ದೆ ಬಟ್ಟೆ ಸವರಿ, ತಿರುವಿ, ಕೆಂಡದ ಮುಂದೆ ನಿಲ್ಲಿಸಿದರೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು. ಮೊದಲನೆಯದು ನನಗೆ. ಅದರ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ನಡುವೆ ಗುಳಿ ಮಾಡಿ ಎಣ್ಣೆ ಬಿಟ್ಟು ಕೊಡುತ್ತಿದ್ದಳು. ಅವಳ ಕೈಯ ಹುರಿದ ಕಡಲೆ, ಅವರೆಕಾಳಿನ ಉಸುಲಿ, ಹುಣಸೆ ಚಿಗುರಿನ ಚಟ್ನಿ, ಬಿಸಿ ಬೂದಿಯಲ್ಲಿ ಹೂತಿಟ್ಟು ತೆಗೆದ ಗೆಣಸು, ಇವೆಲ್ಲ ನಮ್ಮ ಲೆಕ್ಕದಲ್ಲಿ ಅಡಿಗೆ ಅಲ್ಲವಾದ್ದರಿಂದ ಅಜ್ಜಿ ಯಾವುದೇ ಮುಜುಗರವಿಲ್ಲದೆ ತಿನ್ನುತ್ತಿದ್ದಳು. ಗೆಣಸನ್ನಂತೂ ಎರಡು ಸಲ ಕೇಳಿ ತರಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ ನಾನು ಕೇಳಿಯೇಬಿಟ್ಟೆ.

"ಚಿಕ್ಕಮ್ಮ, ಅವತ್ತು ಅನ್ನ ಯಾಕೆ ಹಂಗಾತು?"

ಅವಳಿಗೆ ಸಿಟ್ಟು ಬರಲಿಲ್ಲ. ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು.

"ನಮ್ಮೂರಾಗೆ ರಾಗಿ ಉಣ್ಣದು ಪುಟ್ಟಿ. ರಾಗಿ ಬೆಂದಷ್ಟೂ ಒಳ್ಳೇದು. ಹಸಿ ಉಳಿದ್ರೆ ಹೊಟ್ಟೆ ನೋಯತೈತೆ. ಅದಕ್ಕೆ ನಮ್ಮವ್ವ, ಆತು ಅನ್ಸಿದ ಮೇಲೂ ಇನ್ನೊಂದು ಗಳಿಗೆ ಬಿಡು ಅನ್ನಾಕಿ. ನಾನು ನಿಮ್ಮ ಅಕ್ಕಿಗೂ ಒಂದು ಗಳಿಗೆ ಬಿಟ್ಟೆ."

"ನಿಮ್ಮನೇಲಿ ಅನ್ನ ಮಾಡಲ್ವಾ?"

"ಹಬ್ಬಕ್ಕೆ. ಅದೂ ಸೊಸೈಟಿ ಅಕ್ಕಿ, ಎರಡು ವರ್ಷ ಹಳೇದು. ಮಧ್ಯಾಹ್ನದ ತನಕ ಬೇಯಿಸಿದ್ರೂ ಮುದ್ದೆ ಆಗದಿಲ್ಲ. ಹೊಸಕ್ಕಿ ಅನ್ನದು ಎಳೇ ಕೂಸು ಇದ್ದಂಗೆ ಅಂತ ನನಗೇನು ಗೊತ್ತು?"

ಅವಸರ ಮಾಡಿ ಕೆಡಿಸಿದ್ದರೆ ಯಾರಾದರೂ ಕ್ಷಮಿಸುತ್ತಿದ್ದರೇನೋ. ಅವಳು ಕೆಡಿಸಿದ್ದು ಜೋಪಾನ ಮಾಡಿ. ಅದನ್ನು ಅಜ್ಜಿಗೆ ಹೇಳು ಎಂದೆ. "ಹೇಳಿದ್ರೆ ಅನ್ನ ಮತ್ತೆ ಅಕ್ಕಿ ಆಗತೈತಾ? ರೊಟ್ಟಿ ತಿಂದು ಏಳು, ಶಾಲೆ ಗಂಟೆ ಹೊಡೀತಾರೆ" ಎಂದಳು.

ಮಳೆಗಾಲ ಬಂತು, ನಾಲೆಗೆ ನೀರು ಬಿಟ್ಟರು, ನಾಟಿ ಶುರುವಾಯಿತು. ನಮ್ಮ ಕಡೆ ನಾಟಿಗೆ ಆಳು ಸಾಲದೆ ಆ ವರ್ಷ ಜಗಳೂರು ಕಡೆಯಿಂದ ಮೂವತ್ತು ಹೆಂಗಸರ ಗುಂಪೊಂದು ಬಂದಿತ್ತು. ಅವರ ಮೇಸ್ತ್ರಿ ಮಾರಕ್ಕ ಎನ್ನುವವಳು. ನಮ್ಮ ಗದ್ದೆಯ ಕೆಲಸ ಮೂರು ದಿನದ್ದು. ನಾಟಿಯವರಿಗೆ ಮಧ್ಯಾಹ್ನದ ಊಟ ಮನೆಯವರು ಕೊಡಬೇಕು, ಅಜ್ಜಿ ಅದನ್ನು ಎಂದೂ ಕೈಬಿಗಿ ಮಾಡಿದವಳಲ್ಲ. ಮೊದಲ ದಿನ ಎರಡು ದೊಡ್ಡ ತಪ್ಪಲೆ ಅನ್ನ, ಬೇಳೆ ಸಾರು, ಮಜ್ಜಿಗೆ, ಉಪ್ಪಿನಕಾಯಿ. ಅವರು ಹೊಟ್ಟೆತುಂಬ ಉಂಡರು. ಸಂಜೆ ಮಾರಕ್ಕ ಜಗಲಿಗೆ ಬಂದು ಕೈಕಾಲಿನ ಕೆಸರು ತೊಳೆದುಕೊಂಡು ನಿಂತಳು.

"ಅಮ್ಮಾರೆ, ತಪ್ಪು ತಿಳೀಬ್ಯಾಡ್ರಿ. ಅನ್ನ ಭಾಳ ಚಲೋ ಇತ್ತು. ಆದ್ರೆ ನೀರಾಗೆ ಬಗ್ಗಿ ನಿಂತ್ರೆ ಮೂರು ಗಂಟೆಗೇ ಕರಗಿ ಹೋಗತೈತ್ರಿ. ನಾಳೆ ಮುದ್ದೆ ಮಾಡಿಸಾಕೆ ಆಗತೈತೇನ್ರಿ?"

ಅಜ್ಜಿಯ ಮುಖ ಕೆಂಪಾಯಿತು. ಮಾರಕ್ಕ ಹೋದಮೇಲೆ ನಡುಮನೆಯಲ್ಲಿ ಜಗಳವೇ ಆಯಿತು. ಅಕ್ಕಿ ಬೆಳೆಯುವವರು ಆಳಿಗೆ ರಾಗಿ ಹಾಕಿದರು ಎಂದರೆ ಊರು ಏನನ್ನುತ್ತದೆ ಎಂದು ಅಜ್ಜಿ. ಅವರೇ ಕೇಳಿದ್ದಲ್ಲವಾ ಎಂದು ಅಪ್ಪ. ಕೇಳಿದರೆ ಕೊಟ್ಟುಬಿಡೋದಾ, ನಾಳೆ ಬಂದವರು ಹುಲ್ಲು ಕೇಳಿದರೆ ಎಂದು ಅಜ್ಜಿ. "ಮೂವತ್ತು ಜನಕ್ಕೆ ಮುದ್ದೆ ತಿರುವೋರು ಯಾರು? ನನಗಂತೂ ಆಗಲ್ಲ" ಎಂದು ಅವ್ವ ಒಂದು ಕಡೆಯಿಂದ. ಅಲ್ಲಿಯತನಕ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ ಮೊರ ಕೆಳಗಿಟ್ಟಳು.

"ನಾನು ತಿರುವ್ತೀನಿ ಅತ್ತೆ."

ಅಜ್ಜಿ ಹಿತ್ತಲ ಕಡೆ ಕೈ ತೋರಿಸಿದಳು.

"ಹಿತ್ತಲಾಗೆ ಮಾಡು. ಹೆಚ್ಚುಕಮ್ಮಿ ಆದ್ರೆ ನನ್ನ ಹೆಸರು ಹೇಳಬ್ಯಾಡ."

ಚಿಕ್ಕಪ್ಪ ಅಟ್ಟ ಹತ್ತಿ ಚೀಲ ಇಳಿಸಿದ. ಗಿರಣಿಗೆ ಒಯ್ಯುವಾಗ ಸೈಕಲ್ಲಿನ ಹಿಂದೆ ಕಟ್ಟಿದ ಚೀಲದ ಮೇಲೆ ಅಜ್ಜಿ ತನ್ನ ಹಳೆ ಸೀರೆಯೊಂದನ್ನು ಹೊದಿಸಿದಳು, ಯಾರೂ ನೋಡಬಾರದೆಂದು. ಗಿರಣಿಯವನು ಸೀರೆ ಎತ್ತಿ "ಏನಣ್ಣ, ಅಜ್ಜಿನ್ನೇ ಕಟ್ಕೊಂಡು ಬಂದ್ಯಾ?" ಎಂದನಂತೆ. ಹಿಟ್ಟು ಬರುವ ಮೊದಲೇ ಸುದ್ದಿ ಊರೆಲ್ಲ ಸುತ್ತಿತ್ತು.

ಮರುದಿನ ಶಾಲೆಗೆ ರಜೆ ಇರಲಿಲ್ಲ, ನಾನೇ ಹೊಟ್ಟೆನೋವು ಎಂದು ಉಳಿದುಕೊಂಡೆ. ಚಿಕ್ಕಮ್ಮ ಹಿತ್ತಲ ಮೂರು ಕಲ್ಲನ್ನು ದೂರ ಸರಿಸಿ ಬಚ್ಚಲ ಹಂಡೆಯಷ್ಟು ದೊಡ್ಡ ತಪ್ಪಲೆ ಇಟ್ಟಳು. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದಳು, ಕದಡಲಿಲ್ಲ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿದಳು. ಆ ತೂತಿನಿಂದ ನೀರು ಗುಳುಗುಳು ಮೇಲೆ ಬಂದು ಹಿಟ್ಟಿನ ಮೇಲೆ ಹರಿಯತೊಡಗಿತು. ಆಮೇಲೆ ಸೌದೆ ಹಿಂದಕ್ಕೆ ಎಳೆದು, ಉರಿ ಸಣ್ಣ ಮಾಡಿ, ಕೂತಳು. ಕಳೆದ ಸುಗ್ಗಿಯಲ್ಲಿ ಒಳಗಿನ ಒಲೆಯ ಮುಂದೆ ಕಂಡ ಅದೇ ಅವಸರವಿಲ್ಲದ ಮುಖ. ಇಲ್ಲಿ ಅದು ಸರಿಯಾದ ಜಾಗಕ್ಕೆ ಬಂದಿತ್ತು.

ಅಜ್ಜಿ ಸಾರಿನ ನೆಪದಲ್ಲಿ ಮೂರು ಸಲ ಹಿತ್ತಲ ಬಾಗಿಲಿಗೆ ಬಂದಳು. ಮೂರನೆಯ ಸಲ ಹೊಸ್ತಿಲ ಮೇಲೆ ನಿಂತೇಬಿಟ್ಟಳು.

"ಇನ್ನೂ ಎಷ್ಟು ಹೊತ್ತು ಅದು? ಹೊತ್ತು ನೆತ್ತಿಗೆ ಬಂತು."

"ಹಸಿ ವಾಸನೆ ಇನ್ನೂ ಐತೆ ಅತ್ತೆ."

ಅಜ್ಜಿ ಬಗ್ಗಿ ಮೂಸಿದಳು. ಚಿಕ್ಕಮ್ಮ ಕೋಲು ಎತ್ತಿಕೊಂಡು ಎದ್ದಳು. ಮೂವತ್ತು ಜನದ ಮುದ್ದೆ ತಿರುವುವುದು ಎಂದರೆ ತೋಳಿನ ಕೆಲಸ ಮಾತ್ರ ಅಲ್ಲ, ಸೊಂಟದ್ದು, ತೊಡೆಯದ್ದು, ಉಸಿರಿನದು. ಹಿಟ್ಟು ಬಿಗಿಯಾಗುತ್ತ ಬಂದ ಹಾಗೆ ಕೋಲಿನ ಜೊತೆ ತಪ್ಪಲೆಯೂ ತಿರುಗತೊಡಗುತ್ತದೆ. ಅದು ತಿರುಗದ ಹಾಗೆ, ಒಂದು ಕಡೆ ಎರಡಾಗಿ ಕವಲೊಡೆದ ಕವೆಗೋಲಿನಿಂದ ಅದುಮಿ ಹಿಡಿಯಬೇಕು. ಚಿಕ್ಕಪ್ಪ ಗದ್ದೆಯಲ್ಲಿದ್ದ. ನಾನು ಕವೆಗೋಲು ಹಿಡಿದೆ, ತಪ್ಪಲೆ ನನ್ನನ್ನೂ ಸೇರಿಸಿ ತಿರುಗಿತು. ಇನ್ನೇನು ಮಗುಚಬೇಕು, ಅಷ್ಟರಲ್ಲಿ ಅಜ್ಜಿ ಹೊಸ್ತಿಲು ದಾಟಿ ಬಂದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಆಚೆ ನೂಕಿ, ಕವೆಗೋಲಿನ ಕವಲಿನ ಎರಡು ತುದಿಯನ್ನು ತಪ್ಪಲೆಯ ಕಂಠಕ್ಕೆ ಕೊಟ್ಟು, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಹಚ್ಚಿ ಬಲಗಾಲಿನಿಂದ ತುಳಿದು ನಿಂತಳು. ತಪ್ಪಲೆ ಗಪ್ಪೆಂದು ನಿಂತಿತು. ಯಾರೂ ಹೇಳಿಕೊಟ್ಟು ಬರುವ ನಿಲುವಲ್ಲ ಅದು.

ಚಿಕ್ಕಮ್ಮ ಕೋಲು ನಿಲ್ಲಿಸಿ ಅವಳ ಕಾಲನ್ನೇ ನೋಡಿದಳು.

"ಏನು ನೋಡ್ತೀಯ? ತಿರುವು, ಗಂಟು ಕಟ್ಟತೈತೆ" ಎಂದಳು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, ಯಾರ ಕಡೆಗೂ ನೋಡದೆ, "ನಾಲೆ ಬರಕ್ಕಿಂತ ಮುಂಚೆ ನಮ್ಮವ್ವನ ಮನೇಲಿ ಹದಿನಾರು ಜನ. ನಾನೇ ತುಳೀತಿದ್ದೆ" ಎಂದಳು.

ಮುದ್ದೆ ಉಂಡ ಅಜ್ಜಿ ನನಗೆ ಗೊತ್ತಿರಲಿಲ್ಲ. ಅವತ್ತಿನವರೆಗೆ ನಾನು ಅವಳ ಅನ್ನದ ಹೆಮ್ಮೆಯನ್ನು ಜಂಬ ಎಂದುಕೊಂಡಿದ್ದೆ. ಹೊಟ್ಟೆತುಂಬ ಸಿಗದ ದಿನಗಳನ್ನು ದಾಟಿ ಬಂದವಳು ಹಿಂದಿನದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ ಬಾಗಿಲು ಹಾಕಿಕೊಂಡಿದ್ದಳು ಎಂದು ತಿಳಿಯುವುದಕ್ಕೆ ನನಗೆ ಇನ್ನೂ ಬಹಳ ವರ್ಷ ಬೇಕಾಯಿತು. ಅವರಿಬ್ಬರೂ ಹಲಗೆಯ ಮುಂದೆ ಎದುರುಬದುರು ಕೂತು, ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ, ಸುಡುವ ಹಿಟ್ಟನ್ನು ಹೊರಳಿಸಿ ಉಂಡೆ ಕಟ್ಟಿದರು. ಅಜ್ಜಿಯ ಉಂಡೆ ಸ್ವಲ್ಪ ಸಣ್ಣದು, ಚಿಕ್ಕಮ್ಮನದು ದೊಡ್ಡದು, ಎರಡೂ ಹೊಳೆಯುತ್ತಿದ್ದವು. ಗದ್ದೆಯ ಬದುವಿನಲ್ಲಿ ಮಾರಕ್ಕ ಮೊದಲ ತುತ್ತು ಹುರುಳಿ ಸಾರಿಗೆ ಅದ್ದಿ ನುಂಗಿ, ಕಣ್ಣು ಮುಚ್ಚಿ, ಯಾರ ಅಡಿಗೆ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಒಂದೇ ಹೆಸರು ಇರುತ್ತಿದ್ದ ಆ ಉತ್ತರವನ್ನು ಅಜ್ಜಿ ಅವತ್ತು ಎರಡು ತುಂಡು ಮಾಡಿದಳು: "ಮುದ್ದೆ ನನ್ನ ಸಣ್ಣ ಸೊಸೆದು. ಸಾರು ನಂದು."

ಎಲ್ಲ ಅಲ್ಲಿಗೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮುದ್ದೆ ಗೆದ್ದದ್ದು ಹಿತ್ತಲಲ್ಲಿ. ಒಳಗಿನ ಒಲೆಗೆ ಅಜ್ಜಿಯೇ ಎಸರಿಡುತ್ತಿದ್ದಳು. ಆದರೆ ಬಸಿಯುವ ಹೊತ್ತಿಗೆ "ಓಬಿ, ಇಲ್ಲಿ ಬಾ" ಎಂದು ಕರೆಯತೊಡಗಿದಳು. ಬಂದರೆ ಏನೂ ಹೇಳಿಕೊಡುತ್ತಿರಲಿಲ್ಲ. ಸೌಟಿನಲ್ಲಿ ನಾಲ್ಕು ಅಗಳು ತೆಗೆದು ಒಂದನ್ನು ತಾನು ಬೆರಳಲ್ಲಿ ಹಿಸುಕಿ ನೋಡುತ್ತಿದ್ದಳು, ಒಂದನ್ನು ಚಿಕ್ಕಮ್ಮನ ಅಂಗೈಗೆ ಹಾಕುತ್ತಿದ್ದಳು. ಚಿಕ್ಕಮ್ಮ ಹಿಸುಕುತ್ತಿದ್ದಳು. ನಡುವೆ ಸಾಸಿವೆಯಷ್ಟು ಗಟ್ಟಿ ಬಿಳಿ ಚುಕ್ಕೆ ಉಳಿದಿರುವಾಗಲೇ ಅಜ್ಜಿ ತಪ್ಪಲೆ ಇಳಿಸುತ್ತಿದ್ದಳು. ಉಳಿದದ್ದು ತನ್ನ ಬಿಸಿಗೆ ತಾನೇ ಬೇಯುತ್ತಿತ್ತು. ದಿನಾ ಹೀಗೆ. ಬಾಯಿ ಮಾತಿಲ್ಲ. ನೋಡಿ ನೋಡಿ ಅವ್ವನಿಗೆ ತಡೆಯಲಿಲ್ಲ.

"ನನಗೆ ಆರು ವರ್ಷ ಆತು ಈ ಅಗಳು ಮುಟ್ಟಾಕೆ. ನಿನಗೆ ಒಂದೂವರೆ ವರ್ಷಕ್ಕೇ ಕೈಗೆ ಇಡ್ತಾರೆ."

"ನೀನು ಅನ್ನ ಕೆಡಿಸಿದ್ದಿಲ್ಲ ಅಕ್ಕ. ಅದಕ್ಕೆ ತಡ ಆತು" ಎಂದಳು ಚಿಕ್ಕಮ್ಮ. ಅವ್ವ ನಗಬಾರದು ಎಂದು ಎಷ್ಟು ಪ್ರಯತ್ನಪಟ್ಟರೂ ನಗು ಬಂದೇಬಿಟ್ಟಿತು.

ಮತ್ತೆ ಸುಗ್ಗಿ ಬಂತು. ಭತ್ತ ಮಿಲ್ಲಿಗೆ ಹೋಗಿ ಅಕ್ಕಿಯಾಗಿ ಬಂದು ನಡುಮನೆಯಲ್ಲಿ ಚೀಲ ನಿಂತವು. ಆ ವರ್ಷ ಮನೆಗೆ ಹೊಸ ಸೊಸೆ ಇರಲಿಲ್ಲವಾದ್ದರಿಂದ ಎಸರು ಅಜ್ಜಿಯದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಊಟಕ್ಕೆ ಹೇಳಿಕಳಿಸಿಯೂ ಆಗಿತ್ತು. ಚಿಕ್ಕಮ್ಮನ ಅಪ್ಪನೂ ಬರುವವರಿದ್ದರು. ಅವತ್ತು ಬೆಳಿಗ್ಗೆ ಅಜ್ಜಿ ಇದ್ದಕ್ಕಿದ್ದ ಹಾಗೆ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು, ಚನ್ನಗಿರಿಯಲ್ಲಿ ತಂಗಿಯನ್ನು ನೋಡಿ ಬಹಳ ದಿನವಾಯಿತು, ಹೋಗಿ ಬರುತ್ತೇನೆ ಎಂದಳು. ಇವತ್ತೇ ಯಾಕೆ ಎಂದು ಅಪ್ಪ ಕೇಳಿದರೆ "ಮತ್ತೆ ಯಾವತ್ತು? ನನ್ನ ತಂಗಿ, ನನ್ನ ಕಾಲು" ಎಂದಳು. ಚಿಕ್ಕಮ್ಮ ಮತ್ತು ನಾನು ಬಸ್ಸಿಗೆ ಬಿಡಲು ಹೋದೆವು.

ಬಸ್ಸು ಬರುವವರೆಗೂ ಅಜ್ಜಿ ಬಾಯಿ ಮುಚ್ಚಲಿಲ್ಲ. ಕೆಂದ ಹಸುವಿಗೆ ಹಿಂಡಿ ಜಾಸ್ತಿ ಹಾಕಬೇಡ. ಮಾಡಿನ ಮೇಲಿನ ಮೆಣಸಿನಕಾಯಿ ಸಂಜೆಗೆ ಇಳಿಸು. ಬಚ್ಚಲ ಬಾಗಿಲು ಸಡಿಲ ಐತೆ, ಎತ್ತಿ ಹಾಕು. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬೇಡ. ಪುಟ್ಟಿಗೆ ಶುಕ್ರವಾರ ತಲೆಗೆ ಎಣ್ಣೆ ಹಚ್ಚು. ಚಿಕ್ಕಮ್ಮ ಒಂದೊಂದಕ್ಕೂ ಹೂಂ ಅನ್ನುತ್ತ, ಮುಖ್ಯವಾದದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳ ಬಾಯನ್ನೇ ನೋಡುತ್ತಿದ್ದಳು. ಬಸ್ಸು ಬಂತು. ಅಜ್ಜಿ ಹತ್ತಿ ಕಿಟಕಿಯ ಹತ್ತಿರ ಕೂತು ತಲೆ ಹೊರಗೆ ಹಾಕಿದಳು.

"ಹಸು ಮರೀಬ್ಯಾಡ" ಎಂದಳು. ಬಸ್ಸು ಹೊರಟಿತು.

ಧೂಳು ಇಳಿಯುವವರೆಗೂ ಚಿಕ್ಕಮ್ಮ ನಿಂತೇ ಇದ್ದಳು.

"ಅಕ್ಕಿ ವಿಷಯ ಏನೂ ಹೇಳ್ಲೇ ಇಲ್ಲ ಪುಟ್ಟಿ ನಿಮ್ಮಜ್ಜಿ."

"ಮರೆತಿರಬೇಕು" ಎಂದೆ.

"ನಿಮ್ಮಜ್ಜಿ?" ಎಂದಳು ಚಿಕ್ಕಮ್ಮ. ಆಮೇಲೆ ಎಷ್ಟು ಜೋರಾಗಿ ನಡೆದಳೆಂದರೆ ನಾನು ಓಡಬೇಕಾಯಿತು.

ಅವತ್ತು ಅವಳು ಎಸರಿಟ್ಟಾಗ ಅವ್ವ ಬೇಕೆಂದೇ ಬೆನ್ನು ತಿರುಗಿಸಿ ಸಾರಿನ ಕಡೆ ಕೂತಳು. ಅಕ್ಕಿ ಕುದಿಯಿತು. ಚಿಕ್ಕಮ್ಮ ಕೂರಲಿಲ್ಲ, ಸೌಟು ಹಿಡಿದು ನಿಂತೇ ಇದ್ದಳು. ಒಂದು ಅಗಳು ತೆಗೆದು ಹಿಸುಕಿದಳು, ಬೇಡ ಎಂದಳು. ಇನ್ನೊಂದು. ಮೂರನೆಯದನ್ನು ಹಿಸುಕಿದವಳು ಯಾರ ಮುಖವನ್ನೂ ನೋಡಲಿಲ್ಲ, ಬಟ್ಟೆ ಹಿಡಿದು ತಪ್ಪಲೆ ಇಳಿಸಿದಳು. ಬಗ್ಗಿಸಿದರೆ ಗಂಜಿ ಬಿಳಿಯಾಗಿ, ತೆಳ್ಳಗೆ, ಒಂದೇ ಧಾರೆಯಾಗಿ ಇಳಿಯಿತು.

ಬಂದವರು ಪಂಕ್ತಿಯಲ್ಲಿ ಕೂತರು. ಅಪ್ಪ ಮತ್ತು ಚಿಕ್ಕಪ್ಪ ಬಡಿಸಿದರು. ಚಿಕ್ಕಮ್ಮ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಳು, ಅವಳ ಸೆರಗು ಹಿಡಿದುಕೊಂಡು ನಾನೂ ನಿಂತೆ. ಆಚೆ ಪಂಕ್ತಿಯಲ್ಲಿ ನಾಲೆ ನೀರಿನ ಮಾತು ಬಂತು, ಯಾರದೋ ಎತ್ತಿನ ಮಾತು ಬಂತು, ಚಿಕ್ಕಮ್ಮನ ಅಪ್ಪನನ್ನು ಜಗಳೂರು ಕಡೆ ಮಳೆ ಹೆಂಗೆ ಎಂದು ಕೇಳಿದರು, ಅವರು ಜೋರು ದನಿಯಲ್ಲಿ ಹೇಳತೊಡಗಿದರು. ಸಾರಿಗೆ ಉಪ್ಪು ಒಂದು ಚೂರು ಕಮ್ಮಿ ಎಂದು ರುದ್ರಪ್ಪಜ್ಜ ಉಪ್ಪು ತರಿಸಿಕೊಂಡ. ಅನ್ನ ಎರಡನೆಯ ಸಲ ಹೋಯಿತು, ಮೂರನೆಯ ಸಲ ಹೋಯಿತು. ಅನ್ನದ ಬಗ್ಗೆ ಒಬ್ಬರೂ ಒಂದು ಮಾತೂ ಆಡಲಿಲ್ಲ.

ಬುಟ್ಟಿ ಖಾಲಿಯಾಗಿ ಒಳಗೆ ಬಂದಾಗ ಅವ್ವ ಸೌಟು ಠಣ್ಣೆಂದು ಕೆಳಗಿಟ್ಟಳು.

"ನೋಡಿದ್ಯಾ, ನನ್ನ ಸಾರಿಗೆ ಕೊಂಕು ತೆಗೆದ್ರು. ನಿನ್ನ ಅನ್ನದ್ದು ಸುದ್ದೀನೇ ಎತ್ತಲಿಲ್ಲ. ಅದೃಷ್ಟವಂತೆ ನೀನು."

ಚಿಕ್ಕಮ್ಮ ತಪ್ಪಲೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ಮೂರು ತಟ್ಟೆಗೆ ಹಾಕಿ, ಒಂದನ್ನು ಅವ್ವನಿಗೆ, ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು ಒಳಗಿನ ಒಲೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು.